ಇಂಗ್ಲಿಷ್ ವಾಕ್ಯದಲ್ಲಿ ನಿರ್ಧಾರಕ, ಸಂಯೋಜಕ ಮತ್ತು ಕ್ರಿಯಾಪದಗಳ ಅನ್ವಯ

ಇಂಗ್ಲಿಷ್ ವಾಕ್ಯದಲ್ಲಿ ಕ್ರಿಯಾಪದದ ವಚನ, ರೂಪ ಮತ್ತು ಸ್ಥಾನಗಳನ್ನು ಗೊತ್ತುಮಾಡುವುದರಲ್ಲಿ ಎರಡು ವರ್ಗದ ಚಿಕ್ಕ ಪದಗಳಿಗೆ ದೊಡ್ಡ ಪಾಲಿದೆ. ಮೊದಲನೆಯವು ನಿರ್ಧಾರಕಗಳು. ‘ಎ’, ‘ದಿ’, ‘ದಿಸ್’, ‘ಮೈ’, ‘ಈಚ್’, ‘ಆಲ್’ ಮುಂತಾದ ಇವು ನಾಮಪದಕ್ಕಿಂತ ಮೊದಲು ಬಂದು ಅದು ಯಾವುದು, ಯಾರದು, ಎಷ್ಟು ಎಂಬುದನ್ನು ಖಚಿತಪಡಿಸುತ್ತವೆ. ಎರಡನೆಯವು ಸಂಯೋಜಕಗಳು. ‘ಆ್ಯಂಡ್’, ‘ಬಟ್’, ‘ಇಫ್’, ‘ದಟ್’ ಹಾಗೂ ವಿಕಲ್ಪವನ್ನು ಸೂಚಿಸುವ ‘ಓರ್’ ಮುಂತಾದ ಇವು ಪದಗಳನ್ನೋ ಉಪವಾಕ್ಯಗಳನ್ನೋ ಕೂಡಿಸುತ್ತವೆ. ಕರ್ತೃವನ್ನು ಒಂದೆಂದು ಎಣಿಸಬೇಕೇ ಹಲವೆಂದು ಎಣಿಸಬೇಕೇ ಎಂಬುದು ಅನೇಕ ಸಲ ನಿರ್ಧಾರಕದಿಂದ ತಿಳಿಯುತ್ತದೆ. ಎರಡು ಕರ್ತೃಗಳನ್ನು ಒಟ್ಟಿಗೆ ಲೆಕ್ಕ ಹಿಡಿಯಬೇಕೇ ಬಿಡಿಬಿಡಿಯಾಗಿ ಹಿಡಿಯಬೇಕೇ ಎಂಬುದು ಸಂಯೋಜಕದಿಂದ ತಿಳಿಯುತ್ತದೆ. ಅಧೀನ ಉಪವಾಕ್ಯಗಳಲ್ಲಿ ಸಂಯೋಜಕವು ಕ್ರಿಯಾಪದದ ಕಾಲವನ್ನೂ ನಿಯಂತ್ರಿಸುತ್ತದೆ.

ಕ್ರಿಯಾಪದದಲ್ಲಿ ಉಳಿದಿರುವ ರೂಪಭೇದಗಳು

ಸುಮಾರು ಸಾವಿರ ವರ್ಷಗಳ ಹಿಂದಿನ ಹಳೆಯ ಇಂಗ್ಲಿಷ್‌ನಲ್ಲಿ ಕ್ರಿಯಾಪದಕ್ಕೆ ಪುರುಷ ಮತ್ತು ವಚನಗಳಿಗೆ ತಕ್ಕಂತೆ ಬೇರೆ ಬೇರೆ ಪ್ರತ್ಯಯಗಳಿದ್ದವು. ‘ಹಾಡು’ ಎಂಬರ್ಥದ ಧಾತು ವರ್ತಮಾನಕಾಲದಲ್ಲಿ ಉತ್ತಮಪುರುಷ, ಮಧ್ಯಮಪುರುಷ, ಅನ್ಯಪುರುಷಗಳ ಏಕವಚನಕ್ಕೆ ಒಂದೊಂದು ರೂಪವನ್ನೂ ಬಹುವಚನಕ್ಕೆ ಮತ್ತೊಂದು ರೂಪವನ್ನೂ ತಾಳುತ್ತಿತ್ತು. ಈ ಪ್ರತ್ಯಯಗಳು ಕ್ರಮೇಣ ಸವೆದವು. ಇಂದು ಸಾಮಾನ್ಯ ಕ್ರಿಯಾಪದದಲ್ಲಿ ಉಳಿದಿರುವುದು ಒಂದೇ ಗುರುತು: ವರ್ತಮಾನಕಾಲದ ಅನ್ಯಪುರುಷ ಏಕವಚನಕ್ಕೆ ಸೇರುವ ‘ಸ್’. ‘ಐ ಸಿಂಗ್’, ‘ದೇ ಸಿಂಗ್’, ಆದರೆ ‘ಶಿ ಸಿಂಗ್ಸ್’. ಈ ‘ಸ್’ ಇಂಗ್ಲೆಂಡಿನ ಉತ್ತರ ಭಾಗದಿಂದ ಬಂದದ್ದು. 10ನೇ ಶತಮಾನದಲ್ಲಿ ಲಿಂಡಿಸ್‌ಫಾರ್ನ್ ಸುವಾರ್ತೆಗಳ ಹಸ್ತಪ್ರತಿಯ ಸಾಲುಗಳ ನಡುವೆ ನಾರ್ತಂಬ್ರಿಯದ ಉಪಭಾಷೆಯಲ್ಲಿ ಬರೆದ ಅರ್ಥಟಿಪ್ಪಣಿಗಳಲ್ಲಿ ಇದು ಕಾಣಸಿಗುತ್ತದೆ. ದಕ್ಷಿಣದಲ್ಲಿ ಬಹುಕಾಲ ‘ಥ್’ ಪ್ರತ್ಯಯ ಬಳಕೆಯಲ್ಲಿತ್ತು. 1611ರ ಬೈಬಲ್ ಅನುವಾದ ಅದನ್ನೇ ಉಳಿಸಿಕೊಂಡಿತು. ಅದೇ ಕಾಲದ ಷೇಕ್ಸ್‌ಪಿಯರ್ ಎರಡನ್ನೂ ಬಳಸಿದ್ದಾನೆ.

‘ಬಿ’ ಧಾತು ಮಾತ್ರ ಇದಕ್ಕೆ ಹೊರತು. ಅದಕ್ಕೆ ವರ್ತಮಾನದಲ್ಲಿ ‘ಆಮ್’, ‘ಈಸ್’, ‘ಆರ್’ ಎಂಬ ಮೂರು ರೂಪಗಳೂ ಭೂತಕಾಲದಲ್ಲಿ ‘ವಾಸ್’, ‘ವರ್’ ಎಂಬ ಎರಡು ರೂಪಗಳೂ ಇವೆ. ‘ಹ್ಯಾವ್’ ಮತ್ತು ‘ಡು’ ಅನ್ಯಪುರುಷ ಏಕವಚನದಲ್ಲಿ ‘ಹ್ಯಾಸ್’, ‘ಡಸ್’ ಆಗುತ್ತವೆ. ‘ಕ್ಯಾನ್’, ‘ವಿಲ್’, ‘ಮಸ್ಟ್’ ಮುಂತಾದ ಸಹಾಯಕಗಳು ಯಾವ ಕರ್ತೃ ಬಂದರೂ ಬದಲಾಗುವುದಿಲ್ಲ. ಆದ್ದರಿಂದ ಅನ್ವಯದ, ಅಂದರೆ ಕರ್ತೃವಿಗೂ ಕ್ರಿಯಾಪದಕ್ಕೂ ಇರಬೇಕಾದ ಹೊಂದಾಣಿಕೆಯ, ಪ್ರಶ್ನೆ ಏಳುವುದು ಮುಖ್ಯವಾಗಿ ವರ್ತಮಾನಕಾಲದಲ್ಲಿ ಮತ್ತು ‘ವಾಸ್’, ‘ವರ್’ ರೂಪಗಳಲ್ಲಿ. ಕನ್ನಡದ ‘ಬಂದಳು’ ಎಂಬ ಒಂದೇ ಪದ ಲಿಂಗ, ವಚನ, ಪುರುಷ ಮೂರನ್ನೂ ತಿಳಿಸುತ್ತದೆ. ಕರ್ತೃಪದವನ್ನು ಬಿಟ್ಟರೂ ಅರ್ಥ ಕೆಡುವುದಿಲ್ಲ. ಇಂಗ್ಲಿಷ್‌ನ ‘ಕೇಮ್’ ಇವುಗಳಲ್ಲಿ ಒಂದನ್ನೂ ತಿಳಿಸುವುದಿಲ್ಲ. ಆ ಮಾಹಿತಿಯನ್ನು ಕರ್ತೃ ಪದಪುಂಜವೇ ಹೊರಬೇಕು.

ನಿರ್ಧಾರಕಗಳ ವರ್ಗ ಮತ್ತು ಕ್ರಮ

ಹಳೆಯ ವ್ಯಾಕರಣಗಳು ನಿರ್ಧಾರಕಗಳನ್ನು ಬೇರೆ ವರ್ಗವೆಂದು ಕಾಣದೆ ವಿಶೇಷಣಗಳ ಜೊತೆಗೇ ಸೇರಿಸಿದ್ದವು. ಭಾರತದ ಶಾಲೆಗಳಲ್ಲಿ ತಲೆಮಾರುಗಳ ಕಾಲ ಬಳಕೆಯಲ್ಲಿದ್ದ ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣವೂ ‘ಎ’, ‘ದಿ’ ಎಂಬ ಆರ್ಟಿಕಲ್‌ಗಳನ್ನು ವಿಶೇಷಣವೆಂದೇ ಪರಿಗಣಿಸಿತು. ಅಮೆರಿಕದ ಭಾಷಾವಿಜ್ಞಾನಿ ಲಿಯೊನಾರ್ಡ್ ಬ್ಲೂಮ್‌ಫೀಲ್ಡ್ 1933ರಲ್ಲಿ ಪ್ರಕಟವಾದ ‘ಲ್ಯಾಂಗ್ವೇಜ್’ ಗ್ರಂಥದಲ್ಲಿ ಇವನ್ನು ಪ್ರತ್ಯೇಕ ಗುಂಪಾಗಿ ಗುರುತಿಸಿದರು. ವಿಶೇಷಣಗಳನ್ನು ಒಂದರ ಮೇಲೊಂದು ಪೇರಿಸಬಹುದು, ಇಡಿಯಾಗಿ ಬಿಡಲೂಬಹುದು. ‘ಬುಕ್’ ಎಂಬಂಥ ಎಣಿಸಬಹುದಾದ ಏಕವಚನ ನಾಮಪದಕ್ಕೆ ಮಾತ್ರ ನಿರ್ಧಾರಕವೊಂದು ಇರಲೇಬೇಕು. ‘ಬುಕ್ ಈಸ್ ಆನ್ ಟೇಬಲ್’ ಎಂಬುದು ಅಪೂರ್ಣ ಇಂಗ್ಲಿಷ್. ‘ದಿ ಬುಕ್ ಈಸ್ ಆನ್ ದಿ ಟೇಬಲ್’ ಎಂಬುದೇ ಸರಿ.

ರಾಂಡಾಲ್ಫ್ ಕ್ವರ್ಕ್, ಸಿಡ್ನಿ ಗ್ರೀನ್‌ಬಾಮ್, ಜೆಫ್ರಿ ಲೀಚ್ ಮತ್ತು ಯಾನ್ ಸ್ವಾರ್ತ್‌ವಿಕ್ 1985ರಲ್ಲಿ ಪ್ರಕಟಿಸಿದ ಬೃಹತ್ ವ್ಯಾಕರಣ ನಿರ್ಧಾರಕಗಳನ್ನು ಸ್ಥಾನದ ಪ್ರಕಾರ ಮೂರಾಗಿ ವಿಂಗಡಿಸಿತು. ‘ಆಲ್’, ‘ಬೋತ್’, ‘ಹಾಫ್’ ಮೊದಲ ಸ್ಥಾನದವು. ‘ದಿ’, ‘ಎ’, ‘ದಿಸ್’, ‘ಮೈ’, ‘ಎವೆರಿ’ ನಡುವಿನವು. ಸಂಖ್ಯಾಪದಗಳೂ ‘ಮೆನಿ’, ‘ಫ್ಯೂ’ ಮುಂತಾದವೂ ಕೊನೆಯವು. ‘ಆಲ್ ಮೈ ಫೋರ್ ಬ್ರದರ್ಸ್’ ಎಂಬಲ್ಲಿ ಮೂರೂ ಕ್ರಮವಾಗಿ ಬಂದಿವೆ. ನಡುವಿನ ಸ್ಥಾನದಲ್ಲಿ ಒಂದಕ್ಕೇ ಎಡೆ. ಕನ್ನಡದಲ್ಲಿ ‘ನನ್ನ ಈ ಪುಸ್ತಕ’ ಎನ್ನುವುದು ಸಹಜ. ‘ಮೈ ದಿಸ್ ಬುಕ್’ ಎಂದು ಇಂಗ್ಲಿಷ್‌ನಲ್ಲಿ ಹೇಳಲಾಗದು, ‘ದಿಸ್ ಬುಕ್ ಆಫ್ ಮೈನ್’ ಎನ್ನಬೇಕು. 1987ರಲ್ಲಿ ಸ್ಟೀವನ್ ಆಬ್ನಿ ತಮ್ಮ ಸಂಶೋಧನ ಪ್ರಬಂಧದಲ್ಲಿ ಪದಪುಂಜದ ಶಿರಸ್ಸು ನಾಮಪದವಲ್ಲ, ನಿರ್ಧಾರಕವೇ ಎಂದು ವಾದಿಸಿದರು. ಈ ವಾದವನ್ನು ಎಲ್ಲರೂ ಒಪ್ಪಿಲ್ಲವಾದರೂ ಆ ಬಳಿಕ ನಿರ್ಧಾರಕ ವಾಕ್ಯರಚನಾ ಶಾಸ್ತ್ರದ ಮುಖ್ಯ ವಿಷಯಗಳಲ್ಲೊಂದಾಯಿತು.

ನಿರ್ಧಾರಕ ಮತ್ತು ಕ್ರಿಯಾಪದದ ವಚನ

‘ಈಚ್’ ಮತ್ತು ‘ಎವೆರಿ’ ಗುಂಪನ್ನು ಬಿಡಿಸಿ ಒಬ್ಬೊಬ್ಬರನ್ನಾಗಿ ತೋರಿಸುತ್ತವೆ. ಅವುಗಳ ಮುಂದೆ ನಾಮಪದವೂ ಕ್ರಿಯಾಪದವೂ ಏಕವಚನದಲ್ಲಿರುತ್ತವೆ: ‘ಎವೆರಿ ಸ್ಟೂಡೆಂಟ್ ಹ್ಯಾಸ್ ಎ ಬುಕ್’. ‘ಈಚ್ ಆಫ್ ದಿ ಸ್ಟೂಡೆಂಟ್ಸ್’ ಎಂದಾಗ ನಾಮಪದ ಬಹುವಚನವಾಗುತ್ತದೆ, ಕ್ರಿಯಾಪದ ‘ಹ್ಯಾಸ್’ ಆಗಿಯೇ ಉಳಿಯುತ್ತದೆ. ‘ಈಚ್’ ಪದ ಕರ್ತೃವಿನ ನಂತರ ಬಂದರೆ ಅದಕ್ಕೆ ಈ ಅಧಿಕಾರವಿಲ್ಲ. ‘ದಿ ಸ್ಟೂಡೆಂಟ್ಸ್ ಈಚ್ ಹ್ಯಾವ್ ಎ ಬುಕ್’ ಎಂಬಲ್ಲಿ ಕ್ರಿಯಾಪದ ಬಹುವಚನ. ‘ಮೆನಿ ಎ’ ಎಂಬ ಜೋಡಿಯ ಅರ್ಥ ‘ಅನೇಕ’ ಎಂದಾದರೂ ಅದರಲ್ಲಿರುವ ‘ಎ’ ಏಕವಚನವನ್ನೇ ಬೇಡುತ್ತದೆ: ‘ಮೆನಿ ಎ ಮ್ಯಾನ್ ಹ್ಯಾಸ್ ಟ್ರೈಡ್’. ‘ಮೋರ್ ದ್ಯಾನ್ ಒನ್’ ಕೂಡ ಹಾಗೆಯೇ.

‘ಆಲ್’, ‘ಸಮ್’, ‘ಮೋಸ್ಟ್’, ‘ಹಾಫ್’ ಮುಂತಾದವು ಸ್ವತಃ ವಚನವನ್ನು ಗೊತ್ತುಮಾಡದೆ ‘ಆಫ್’ ನಂತರದ ನಾಮಪದಕ್ಕೆ ಬಿಟ್ಟುಕೊಡುತ್ತವೆ. ‘ಸಮ್ ಆಫ್ ದಿ ಮಿಲ್ಕ್ ಈಸ್’, ‘ಸಮ್ ಆಫ್ ದಿ ಬುಕ್ಸ್ ಆರ್’. ಶೇಕಡಾವಾರು ಅಂಕಿಗಳಿಗೂ ಭಿನ್ನರಾಶಿಗಳಿಗೂ ಇದೇ ನಿಯಮ. ‘ನನ್ ಆಫ್ ದಿ ಬುಕ್ಸ್’ ನಂತರ ‘ಈಸ್’, ‘ಆರ್’ ಎರಡೂ ಶಿಷ್ಟ ಬಳಕೆಯಲ್ಲಿವೆ. ‘ಐದರ್ ಆಫ್’, ‘ನೈದರ್ ಆಫ್’ ನಂತರ ಔಪಚಾರಿಕ ಬರವಣಿಗೆ ಏಕವಚನವನ್ನು ಬಯಸುತ್ತದೆ; ಆಡುಮಾತು ಬಹುವಚನವನ್ನೂ ಒಪ್ಪುತ್ತದೆ.

ಒಂದು ಆರ್ಟಿಕಲ್ ಬದಲಾದರೆ ಕ್ರಿಯಾಪದವೂ ಬದಲಾಗುತ್ತದೆ ಎಂಬುದಕ್ಕೆ ‘ನಂಬರ್’ ಒಳ್ಳೆಯ ನಿದರ್ಶನ. ‘ಎ ನಂಬರ್ ಆಫ್ ಸ್ಟೂಡೆಂಟ್ಸ್ ಆರ್ ಆಬ್ಸೆಂಟ್’ ಎಂದರೆ ಹಲವು ವಿದ್ಯಾರ್ಥಿಗಳು ಬಂದಿಲ್ಲ ಎಂದರ್ಥ. ಇಲ್ಲಿ ‘ಎ ನಂಬರ್ ಆಫ್’ ಇಡಿಯಾಗಿ ‘ಹಲವು’ ಎಂಬ ನಿರ್ಧಾರಕದಂತೆ ನಡೆದುಕೊಳ್ಳುತ್ತದೆ, ಕರ್ತೃ ‘ಸ್ಟೂಡೆಂಟ್ಸ್’. ‘ದಿ ನಂಬರ್ ಆಫ್ ಸ್ಟೂಡೆಂಟ್ಸ್ ಈಸ್ ಸ್ಮಾಲ್’ ಎಂದರೆ ವಿದ್ಯಾರ್ಥಿಗಳ ಸಂಖ್ಯೆ ಕಡಿಮೆ ಎಂದರ್ಥ. ಇಲ್ಲಿ ‘ನಂಬರ್’ ಪದವೇ ಕರ್ತೃ, ಅದು ಏಕವಚನ.

‘ದಿ’ ವಿಶೇಷಣದ ಹಿಂದೆ ಸೇರಿದರೆ ಆ ಗುಣವುಳ್ಳ ಜನಸಮೂಹವನ್ನು ಸೂಚಿಸಿ ಬಹುವಚನವಾಗುತ್ತದೆ: ‘ದಿ ಪೂರ್ ಆರ್’. ಹಣ, ದೂರ, ಕಾಲಗಳ ಮೊತ್ತವನ್ನು ಒಂದೇ ಘಟಕವೆಂದು ಎಣಿಸಿದಾಗ ಬಹುವಚನದ ನಾಮಪದಕ್ಕೂ ಏಕವಚನ ಕ್ರಿಯಾಪದ ಬರುತ್ತದೆ: ‘ಫೈವ್ ಕಿಲೋಮೀಟರ್ಸ್ ಈಸ್ ಎ ಲಾಂಗ್ ವಾಕ್’. ಸಮೂಹವಾಚಕ ನಾಮಪದಗಳಲ್ಲಿ ನಿರ್ಧಾರಕವೂ ಕ್ರಿಯಾಪದವೂ ಬೇರೆ ಬೇರೆ ದಾರಿ ಹಿಡಿಯುವುದುಂಟು. ಬ್ರಿಟಿಷ್ ಬಳಕೆಯಲ್ಲಿ ‘ದಿಸ್ ಕಮಿಟಿ ಹ್ಯಾವ್ ಡಿಸೈಡೆಡ್’ ಎನ್ನಲು ಅವಕಾಶವಿದೆ. ‘ಹ್ಯಾವ್’ ಸದಸ್ಯರನ್ನು ಎಣಿಸುತ್ತದೆ, ‘ದಿಸ್’ ಸಮಿತಿಯನ್ನು ಎಣಿಸುತ್ತದೆ; ‘ದೀಸ್ ಕಮಿಟಿ’ ಎಂದು ಯಾರೂ ಹೇಳುವುದಿಲ್ಲ. ಅಮೆರಿಕನ್ ಇಂಗ್ಲಿಷ್ ಸಾಮಾನ್ಯವಾಗಿ ಎರಡನ್ನೂ ಏಕವಚನದಲ್ಲೇ ಇಡುತ್ತದೆ.

ನಿಷೇಧವನ್ನು ಹೊರುವ ನಿರ್ಧಾರಕ

‘ನೋ’ ಎಂಬ ನಿರ್ಧಾರಕ ವಾಕ್ಯದ ನಿಷೇಧವನ್ನು ತಾನೇ ಹೊರುತ್ತದೆ. ಆದ್ದರಿಂದ ಕ್ರಿಯಾಪದ ನಿಷೇಧವಿಲ್ಲದ ರೂಪದಲ್ಲೇ ಉಳಿಯುತ್ತದೆ: ‘ನೋ ಸ್ಟೂಡೆಂಟ್ ಕೇಮ್’. ಕ್ರಿಯಾಪದವೇ ನಿಷೇಧವನ್ನು ಹೊತ್ತರೆ ನಿರ್ಧಾರಕ ‘ಎನಿ’ ಆಗಬೇಕು: ‘ಐ ಡಿಡ್ ನಾಟ್ ಸೀ ಎನಿ ಸ್ಟೂಡೆಂಟ್’. ಕನ್ನಡದಲ್ಲಿ ‘ಯಾವ ವಿದ್ಯಾರ್ಥಿಯೂ ಬರಲಿಲ್ಲ’ ಎನ್ನುವಾಗ ನಿಷೇಧ ಕ್ರಿಯಾಪದದಲ್ಲಿರುತ್ತದೆ. ಆ ಅಭ್ಯಾಸದಿಂದ ‘ನೋ ಸ್ಟೂಡೆಂಟ್ ಡಿಡ್ ನಾಟ್ ಕಮ್’ ಎಂದರೆ ‘ಬಾರದ ವಿದ್ಯಾರ್ಥಿಯೇ ಇಲ್ಲ’ ಎಂಬ ತದ್ವಿರುದ್ಧ ಅರ್ಥ ಹೊರಡುತ್ತದೆ. 14ನೇ ಶತಮಾನದ ಚಾಸರನ ಇಂಗ್ಲಿಷ್‌ನಲ್ಲಿ ಒಂದೇ ವಾಕ್ಯದಲ್ಲಿ ಎರಡು ಮೂರು ನಿಷೇಧಪದಗಳು ಸೇರಿ ನಿಷೇಧವನ್ನು ಗಟ್ಟಿಗೊಳಿಸುತ್ತಿದ್ದವು. ಇಂದಿನ ಶಿಷ್ಟ ಬಳಕೆ ಒಂದನ್ನೇ ಒಪ್ಪುತ್ತದೆ.

ಸಂಯೋಜಕದಿಂದ ಕೂಡಿದ ಕರ್ತೃ

‘ಆ್ಯಂಡ್’ ಕೂಡಿಸುವ ಪದ. ಎರಡು ಏಕವಚನ ಕರ್ತೃಗಳು ಅದರಿಂದ ಸೇರಿದರೆ ಕ್ರಿಯಾಪದ ಬಹುವಚನ: ‘ರಾಮ ಆ್ಯಂಡ್ ಸೀತಾ ಆರ್ ಹಿಯರ್’. ಎರಡೂ ಸೇರಿ ಒಂದೇ ವಸ್ತುವಾದರೆ ಏಕವಚನ: ‘ಬ್ರೆಡ್ ಆ್ಯಂಡ್ ಬಟರ್ ಈಸ್ ಮೈ ಬ್ರೇಕ್‌ಫಾಸ್ಟ್’.

ನಿರ್ಧಾರಕ ಮತ್ತು ಸಂಯೋಜಕ ಒಟ್ಟಾಗಿ ಕೆಲಸ ಮಾಡುವುದನ್ನು ಸಭೆಯ ವರದಿಯ ಒಂದು ಸಾಲಿನಲ್ಲಿ ಸ್ಪಷ್ಟವಾಗಿ ಕಾಣಬಹುದು. ‘ದಿ ಸೆಕ್ರೆಟರಿ ಆ್ಯಂಡ್ ಟ್ರೆಷರರ್ ವಾಸ್ ಪ್ರೆಸೆಂಟ್’ ಎಂದು ಬರೆದರೆ ಕಾರ್ಯದರ್ಶಿಯೂ ಖಜಾಂಚಿಯೂ ಒಬ್ಬರೇ; ಸಭೆಗೆ ಬಂದವರು ಒಬ್ಬರು. ‘ದಿ ಸೆಕ್ರೆಟರಿ ಆ್ಯಂಡ್ ದಿ ಟ್ರೆಷರರ್ ವರ್ ಪ್ರೆಸೆಂಟ್’ ಎಂದು ಬರೆದರೆ ಬಂದವರು ಇಬ್ಬರು. ಎರಡನೆಯ ‘ದಿ’ ಎರಡನೆಯ ವ್ಯಕ್ತಿಯನ್ನು ತರುತ್ತದೆ, ‘ವರ್’ ಅದನ್ನು ದೃಢಪಡಿಸುತ್ತದೆ. ಆರ್ಟಿಕಲ್ ಒಂದು ಲೆಕ್ಕ, ಕ್ರಿಯಾಪದ ಇನ್ನೊಂದು ಲೆಕ್ಕ ಹೇಳಿದರೆ ಹಾಜರಿದ್ದವರು ಎಷ್ಟು ಮಂದಿ ಎಂಬುದೇ ಸಂದಿಗ್ಧವಾಗುತ್ತದೆ. ಕಾನೂನು ದಸ್ತಾವೇಜುಗಳಲ್ಲಿ ಇಂಥ ಸಂದಿಗ್ಧ ದುಬಾರಿಯಾಗಬಲ್ಲದು.

‘ಎವೆರಿ’ ಮತ್ತು ‘ಈಚ್’ ‘ಆ್ಯಂಡ್’ನ ಶಕ್ತಿಯನ್ನೂ ಮೀರುತ್ತವೆ. ‘ಎವೆರಿ ಬಾಯ್ ಆ್ಯಂಡ್ ಎವೆರಿ ಗರ್ಲ್ ವಾಸ್ ಗಿವನ್ ಎ ಪ್ರೈಜ್’ ಎಂಬಲ್ಲಿ ಕರ್ತೃಗಳು ಎರಡಾದರೂ ಕ್ರಿಯಾಪದ ಏಕವಚನ.

‘ಓರ್’, ‘ನಾರ್’ ಬಂದಲ್ಲಿ ಕರ್ತೃಗಳು ಕೂಡುವುದಿಲ್ಲ. ಎರಡೂ ಏಕವಚನವಾದರೆ ಕ್ರಿಯಾಪದ ಏಕವಚನ. ಒಂದು ಏಕವಚನ, ಇನ್ನೊಂದು ಬಹುವಚನವಾದರೆ ಹತ್ತಿರದ ಕರ್ತೃವನ್ನು ಅನುಸರಿಸಬೇಕೆಂಬುದು ರೂಢಿ: ‘ಐದರ್ ಮೈ ಬ್ರದರ್ ಓರ್ ಮೈ ಸಿಸ್ಟರ್ಸ್ ಆರ್ ಕಮಿಂಗ್’. ಪುರುಷಭೇದವಿದ್ದಲ್ಲೂ ಹೀಗೆಯೇ: ‘ನೈದರ್ ಹಿ ನಾರ್ ಐ ಆಮ್ ರೆಡಿ’. ಈ ವಾಕ್ಯ ವ್ಯಾಕರಣಬದ್ಧವಾದರೂ ಕಿವಿಗೆ ಒರಟು. ಆದ್ದರಿಂದ ಎಚ್ಚರದ ಲೇಖಕರು ಬಹುವಚನ ಕರ್ತೃವನ್ನು ಎರಡನೆಯ ಸ್ಥಾನದಲ್ಲಿಡುತ್ತಾರೆ, ಇಲ್ಲವೇ ವಾಕ್ಯವನ್ನೇ ತಿರುಗಿಸಿ ಬರೆಯುತ್ತಾರೆ. ‘ಆ್ಯಸ್ ವೆಲ್ ಆ್ಯಸ್’, ‘ಅಲಾಂಗ್ ವಿತ್’, ‘ಟುಗೆದರ್ ವಿತ್’ ಎಂಬವು ಅರ್ಥದಲ್ಲಿ ‘ಆ್ಯಂಡ್’ಗೆ ಹತ್ತಿರವಾದರೂ ಅನ್ವಯದಲ್ಲಿ ಸಂಯೋಜಕಗಳಲ್ಲ, ಕ್ರಿಯಾಪದ ಮೊದಲ ಕರ್ತೃವನ್ನೇ ಅನುಸರಿಸುತ್ತದೆ: ‘ದಿ ಟೀಚರ್, ಆ್ಯಸ್ ವೆಲ್ ಆ್ಯಸ್ ದಿ ಸ್ಟೂಡೆಂಟ್ಸ್, ವಾಸ್ ಲೇಟ್’.

ಎರಡೂ ವರ್ಗಗಳಿಗೆ ಸೇರಿದ ಪದಗಳು

ಕೆಲವು ಪದಗಳು ನಿರ್ಧಾರಕವೂ ಹೌದು, ಸಂಯೋಜಕದ ಅಂಗವೂ ಹೌದು. ‘ಬೋತ್ ಬುಕ್ಸ್ ಆರ್’ ಎಂಬಲ್ಲಿ ‘ಬೋತ್’ ನಿರ್ಧಾರಕ; ‘ಬೋತ್ ರಾಮ ಆ್ಯಂಡ್ ಸೀತಾ ಆರ್’ ಎಂಬಲ್ಲಿ ಜೋಡಿ ಸಂಯೋಜಕದ ಮೊದಲ ಭಾಗ. ‘ಐದರ್’, ‘ನೈದರ್’ ಕೂಡ ಹೀಗೆಯೇ. ಎರಡು ಪಾತ್ರಗಳಲ್ಲೂ ಅನ್ವಯ ಒಂದೇ ಬಗೆಯದು: ‘ಬೋತ್’ ಬಹುವಚನದ ಕಡೆಗೂ ‘ಐದರ್’ ಏಕವಚನದ ಕಡೆಗೂ ಒಲಿಯುತ್ತವೆ. ‘ದಟ್’ ಪದದ ಚರಿತ್ರೆಯೂ ಇದೇ ನಂಟನ್ನು ತೋರಿಸುತ್ತದೆ. ‘ಅದು’ ಎಂದು ಬೆರಳು ಮಾಡಿ ತೋರಿಸುವ ಪದವೇ ಉಪವಾಕ್ಯವನ್ನು ಜೋಡಿಸುವ ಸಂಯೋಜಕವಾಗಿಯೂ ಬೆಳೆಯಿತು. ‘ದಟ್’ನಿಂದ ತೊಡಗುವ ಉಪವಾಕ್ಯ ಕರ್ತೃವಾದರೆ ಕ್ರಿಯಾಪದ ಏಕವಚನ: ‘ದಟ್ ಹಿ ಈಸ್ ಆನೆಸ್ಟ್ ಈಸ್ ನೋನ್ ಟು ಆಲ್’.

ಅನ್ವಯದ ಮೂರು ತತ್ತ್ವಗಳು

ಮೇಲಿನ ನಿಯಮಗಳ ಹಿಂದೆ ಮೂರು ತತ್ತ್ವಗಳಿವೆ ಎಂದು ಕ್ವರ್ಕ್ ಮತ್ತು ಸಂಗಡಿಗರು ವಿವರಿಸಿದ್ದಾರೆ. ಮೊದಲನೆಯದು ರೂಪಾನ್ವಯ: ಕರ್ತೃಪದದ ರೂಪ ಏಕವಚನವಾದರೆ ಕ್ರಿಯಾಪದವೂ ಏಕವಚನ. ಎರಡನೆಯದು ಅರ್ಥಾನ್ವಯ: ರೂಪ ಏನೇ ಇರಲಿ, ಮನಸ್ಸಿನಲ್ಲಿರುವ ಎಣಿಕೆಯೇ ಮುಖ್ಯ. ಮೂರನೆಯದು ಸಾಮೀಪ್ಯ: ಹತ್ತಿರದ ನಾಮಪದ ಕ್ರಿಯಾಪದವನ್ನು ತನ್ನತ್ತ ಎಳೆಯುತ್ತದೆ. ಸಾಮೀಪ್ಯದ ಸೆಳೆತ ಕಲಿಯುವವರಿಗಷ್ಟೇ ಸೀಮಿತವಲ್ಲ. ಕ್ಯಾಥರಿನ್ ಬಾಕ್ ಮತ್ತು ಕ್ಯಾರಲ್ ಮಿಲ್ಲರ್ 1991ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇಂಗ್ಲಿಷ್ ಮಾತೃಭಾಷಿಕರಿಗೆ ವಾಕ್ಯದ ಆರಂಭವನ್ನು ಕೊಟ್ಟು ಪೂರ್ತಿ ಮಾಡಲು ಹೇಳಲಾಯಿತು. ಏಕವಚನದ ಮುಖ್ಯ ನಾಮಪದದ ನಂತರ ಬಹುವಚನದ ಇನ್ನೊಂದು ನಾಮಪದ ಬಂದಾಗ ಅವರೂ ಕೆಲವೊಮ್ಮೆ ಬಹುವಚನ ಕ್ರಿಯಾಪದವನ್ನು ಹೇಳಿದರು. ಬಹುವಚನದ ನಂತರ ಏಕವಚನ ಬಂದಾಗ ಇಂಥ ತಪ್ಪು ಕಡಿಮೆ.

ಕ್ರಿಯಾಪದಗಳನ್ನೇ ಜೋಡಿಸುವ ಸಂಯೋಜಕ

‘ಆ್ಯಂಡ್’, ‘ಓರ್’, ‘ಬಟ್’ ಎರಡು ಕ್ರಿಯಾಪದಗಳನ್ನೂ ಜೋಡಿಸಬಲ್ಲವು. ಆಗ ಒಂದೇ ಸಹಾಯಕ ಎರಡಕ್ಕೂ ಸಾಕು: ‘ಶಿ ಹ್ಯಾಸ್ ಕಮ್ ಆ್ಯಂಡ್ ಗಾನ್’. ಸಹಾಯಕಗಳು ಬೇರೆಯಾದರೆ ಪ್ರತಿಯೊಂದಕ್ಕೂ ತಕ್ಕ ಕ್ರಿಯಾರೂಪ ಬೇಕು. ‘ಐ ಹ್ಯಾವ್ ನೆವರ್ ಆ್ಯಂಡ್ ವಿಲ್ ನೆವರ್ ಲೈ’ ಎಂಬಲ್ಲಿ ‘ಲೈ’ ರೂಪ ‘ವಿಲ್’ಗೆ ಹೊಂದುತ್ತದೆ, ‘ಹ್ಯಾವ್’ಗೆ ಹೊಂದುವುದಿಲ್ಲ; ‘ಐ ಹ್ಯಾವ್ ನೆವರ್ ಲೈಡ್ ಆ್ಯಂಡ್ ವಿಲ್ ನೆವರ್ ಲೈ’ ಎನ್ನಬೇಕು.

‘ಟ್ರೈ ಆ್ಯಂಡ್ ಸೀ’ ಎಂಬ ಆಡುಮಾತಿನ ಜೋಡಿ ವಿಶಿಷ್ಟವಾದದ್ದು. ಇದರ ಅರ್ಥ ‘ನೋಡಲು ಪ್ರಯತ್ನಿಸು’. ಈ ಅರ್ಥ ದೊರೆಯುವುದು ಎರಡೂ ಪದಗಳು ಪ್ರತ್ಯಯವಿಲ್ಲದ ಮೂಲರೂಪದಲ್ಲಿದ್ದಾಗ ಮಾತ್ರ. ‘ಹಿ ಟ್ರೈಸ್ ಆ್ಯಂಡ್ ಸೀಸ್’ ಎಂದ ಕೂಡಲೇ ಅವು ಎರಡು ಬೇರೆ ಕ್ರಿಯೆಗಳಾಗುತ್ತವೆ. ‘ಗೋ ಆ್ಯಂಡ್ ಸೀ’ಗೆ ಈ ಕಟ್ಟು ಇಲ್ಲ, ‘ವೆಂಟ್ ಆ್ಯಂಡ್ ಸಾ’ ಎಂದು ಭೂತಕಾಲದಲ್ಲೂ ಸಲ್ಲುತ್ತದೆ.

ಸಂಯೋಜಕದ ನಂತರ ಕ್ರಿಯಾಪದವನ್ನೇ ಬಿಟ್ಟುಬಿಡುವ ರೂಢಿಯೂ ಇದೆ: ‘ರಾಮ ಡ್ರ್ಯಾಂಕ್ ಕಾಫಿ ಆ್ಯಂಡ್ ಸೀತಾ ಟೀ’. ಕ್ರಿಯಾಪದ ನಡುವೆ ಬರುವ ಇಂಗ್ಲಿಷ್‌ನಲ್ಲಿ ಅದು ಮೊದಲ ಉಪವಾಕ್ಯದಲ್ಲಿ ಉಳಿದು ಎರಡನೆಯದರಲ್ಲಿ ಲೋಪವಾಗುತ್ತದೆ. ಕ್ರಿಯಾಪದ ಕೊನೆಗೆ ಬರುವ ಕನ್ನಡದಲ್ಲಿ ‘ರಾಮ ಕಾಫಿಯನ್ನೂ ಸೀತೆ ಚಹಾವನ್ನೂ ಕುಡಿದರು’ ಎಂದು ಅದು ಕೊನೆಯಲ್ಲಿ ಉಳಿಯುತ್ತದೆ. ಲೋಪದ ದಿಕ್ಕಿಗೂ ಪದಕ್ರಮಕ್ಕೂ ಇರುವ ಈ ಸಂಬಂಧವನ್ನು ಜಾನ್ ರಾಬರ್ಟ್ ರಾಸ್ 1970ರಲ್ಲಿ ಹಲವು ಭಾಷೆಗಳ ಆಧಾರದಿಂದ ಚರ್ಚಿಸಿದರು.

ಅಧೀನ ಸಂಯೋಜಕ ಮತ್ತು ಕ್ರಿಯಾರೂಪ

ಕಾಲ ಮತ್ತು ಷರತ್ತುಗಳನ್ನು ಸೂಚಿಸುವ ‘ಇಫ್’, ‘ಅನ್‌ಲೆಸ್’, ‘ವೆನ್’, ‘ಅಂಟಿಲ್’ ಬಂದಲ್ಲಿ ಭವಿಷ್ಯದ ಸಂಗತಿಯನ್ನೂ ವರ್ತಮಾನ ರೂಪದಲ್ಲಿ ಹೇಳಲಾಗುತ್ತದೆ: ‘ಇಫ್ ಇಟ್ ರೇನ್ಸ್, ವಿ ವಿಲ್ ಸ್ಟೇ’. ನಡೆಯದ ಸಂಗತಿಯನ್ನು ಊಹಿಸುವಾಗ ಭೂತಕಾಲದ ರೂಪ ಬರುತ್ತದೆ. ‘ಬಿ’ ಧಾತುವಿನಲ್ಲಿ ಏಕವಚನ ಕರ್ತೃವಿಗೂ ‘ವರ್’ ಸಲ್ಲುತ್ತದೆ: ‘ಇಫ್ ಐ ವರ್ ಯು’. ‘ಆ್ಯಸ್ ಇಫ್’ ಕೂಡ ಈ ರೂಪವನ್ನು ಬಯಸುತ್ತದೆ. ಒತ್ತಾಯ, ಸಲಹೆಗಳ ನಂತರದ ‘ದಟ್’ ಉಪವಾಕ್ಯದಲ್ಲಿ ಕ್ರಿಯಾಪದ ‘ಸ್’ ಇಲ್ಲದ ಮೂಲರೂಪಕ್ಕೆ ಮರಳುತ್ತದೆ: ‘ದೇ ಡಿಮಾಂಡೆಡ್ ದಟ್ ಹಿ ರಿಸೈನ್’. ಅಮೆರಿಕದಲ್ಲಿ ಇದು ಬಹಳ ರೂಢಿ. ಬ್ರಿಟನ್ನಿನಲ್ಲಿ ‘ಶುಡ್ ರಿಸೈನ್’ ಎಂಬುದೂ ಪ್ರಚಲಿತ. ‘ಲೆಸ್ಟ್’ ನಂತರ ಮೂಲರೂಪ ಅಥವಾ ‘ಶುಡ್’ ಬರುತ್ತದೆ.

ಪದಕ್ರಮದ ಮೇಲಿನ ಪ್ರಭಾವ

ನಿಷೇಧಾರ್ಥದ ಸಂಯೋಜಕ ಉಪವಾಕ್ಯದ ಮೊದಲಲ್ಲಿ ಬಂದರೆ ಸಹಾಯಕ ಕ್ರಿಯಾಪದ ಕರ್ತೃವಿಗಿಂತ ಮುಂದಕ್ಕೆ ಬರುತ್ತದೆ. ‘ಹಿ ಡಸ್ ನಾಟ್ ಸ್ಮೋಕ್, ನಾರ್ ಡಸ್ ಹಿ ಡ್ರಿಂಕ್’. ‘ನಾಟ್ ಓನ್ಲಿ’, ‘ನೋ ಸೂನರ್’, ‘ಹಾರ್ಡ್ಲಿ’ ಎಂಬವೂ ಈ ಪಲ್ಲಟವನ್ನು ತರುತ್ತವೆ. ‘ನೋ ಸೂನರ್’ಗೆ ಜೋಡಿಯಾಗಿ ‘ದ್ಯಾನ್’, ‘ಹಾರ್ಡ್ಲಿ’ಗೆ ಜೋಡಿಯಾಗಿ ‘ವೆನ್’ ಬರಬೇಕು: ‘ನೋ ಸೂನರ್ ಹ್ಯಾಡ್ ವಿ ಅರೈವ್ಡ್ ದ್ಯಾನ್ ಇಟ್ ರೇನ್ಡ್’.

ಕ್ರಿಯೆಯನ್ನು ನಾಮವಾಗಿಸುವ ನಿರ್ಧಾರಕ

‘ವಾಕ್’, ‘ಲುಕ್’, ‘ಡ್ರಿಂಕ್’ ಮುಂತಾದ ನೂರಾರು ಪದಗಳು ರೂಪ ಬದಲಾಗದೆ ಕ್ರಿಯಾಪದವೂ ನಾಮಪದವೂ ಆಗಬಲ್ಲವು. ಹಿಂದೆ ನಿರ್ಧಾರಕವಿದ್ದರೆ ನಾಮಪದ: ‘ದೇ ವಾಕ್’, ‘ಎ ವಾಕ್’. ‘ಇಂಗ್’ ರೂಪದಲ್ಲೂ ವ್ಯತ್ಯಾಸ ಕಾಣುತ್ತದೆ. ‘ರೀಡಿಂಗ್ ದಿ ಬುಕ್’ ಎಂಬಲ್ಲಿ ಅದು ಕ್ರಿಯೆಯ ಗುಣವನ್ನು ಉಳಿಸಿಕೊಂಡು ನೇರವಾಗಿ ಕರ್ಮವನ್ನು ತೆಗೆದುಕೊಳ್ಳುತ್ತದೆ. ‘ದಿ ರೀಡಿಂಗ್ ಆಫ್ ದಿ ಬುಕ್’ ಎಂಬಲ್ಲಿ ‘ದಿ’ ಅದನ್ನು ನಾಮಪದವಾಗಿಸುವುದರಿಂದ ಕರ್ಮಕ್ಕೆ ‘ಆಫ್’ ಆಸರೆ ಬೇಕು.

ಕನ್ನಡಿಗರ ಕಲಿಕೆಯಲ್ಲಿ

ಕನ್ನಡದಲ್ಲಿ ಸಂಯೋಜಕದ ಕೆಲಸವನ್ನು ಬಹುಪಾಲು ಪ್ರತ್ಯಯಗಳೂ ಕ್ರಿಯಾರೂಪಗಳೂ ಮಾಡುತ್ತವೆ. ‘ರಾಮನೂ ಸೀತೆಯೂ’ ಎಂಬಲ್ಲಿ ‘ಊ’ ಎರಡೂ ಪದಗಳಿಗೆ ಸೇರುತ್ತದೆ. ‘ಬಂದರೆ’, ‘ಬಂದರೂ’, ‘ಬಂದಾಗ’ ಎಂಬಲ್ಲಿ ಷರತ್ತು, ವಿರೋಧ, ಕಾಲ ಕ್ರಿಯಾಪದದೊಳಗೇ ಇವೆ. ಆರ್ಟಿಕಲ್‌ಗೆ ಸಮನಾದ ಪ್ರತ್ಯೇಕ ವರ್ಗವಿಲ್ಲ. ಸಂಖ್ಯಾಪದದ ಮುಂದೆ ‘ಹತ್ತು ಪುಸ್ತಕ ಇದೆ’ ಎಂದು ಏಕವಚನ ಬರುವುದು ಆಡುಮಾತಿನಲ್ಲಿ ಸಾಮಾನ್ಯ. ‘ಪ್ರತಿಯೊಬ್ಬರೂ ಬಂದರು’ ಎಂದು ಕನ್ನಡ ಬಹುವಚನ ಹೇಳುವಲ್ಲಿ ಇಂಗ್ಲಿಷ್ ‘ಎವೆರಿಒನ್ ಈಸ್ ಹಿಯರ್’ ಎಂದು ಏಕವಚನ ಹೇಳುತ್ತದೆ. ‘ಒನ್ ಆಫ್ ಮೈ ಫ್ರೆಂಡ್’, ‘ಎವೆರಿ ಸ್ಟೂಡೆಂಟ್ಸ್ ಆರ್’ ಎಂಬಂಥ ತಪ್ಪುಗಳು ನುಸುಳುವುದು ಇಂಥ ವ್ಯತ್ಯಾಸಗಳಿರುವ ಕಡೆಯಲ್ಲೇ. ‘ಒನ್ ಆಫ್’ ನಂತರ ನಾಮಪದ ಬಹುವಚನ, ಕ್ರಿಯಾಪದ ಏಕವಚನ: ‘ಒನ್ ಆಫ್ ಮೈ ಫ್ರೆಂಡ್ಸ್ ಈಸ್’. ‘ಆಲ್ದೋ’ ಬಂದ ವಾಕ್ಯದಲ್ಲಿ ಮತ್ತೆ ‘ಬಟ್’ ಸೇರಿಸುವುದೂ ಸಲ್ಲದು. ಎರಡು ಉಪವಾಕ್ಯಗಳಿಗೆ ಒಂದೇ ಸಂಯೋಜಕ ಸಾಕು.

ನಿಯಮಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ ಮೂರು ಪ್ರಶ್ನೆ ಕೇಳಿಕೊಳ್ಳುವುದು ಹೆಚ್ಚು ಫಲಕಾರಿ: ನಿರ್ಧಾರಕ ಕರ್ತೃವನ್ನು ಒಂದೆಂದು ಎಣಿಸುತ್ತಿದೆಯೇ, ಹಲವೆಂದೇ? ಸಂಯೋಜಕ ಕರ್ತೃಗಳನ್ನು ಕೂಡಿಸುತ್ತಿದೆಯೇ, ಆಯ್ಕೆಗೆ ಇಡುತ್ತಿದೆಯೇ? ಉಪವಾಕ್ಯದ ಸಂಯೋಜಕ ಯಾವ ಕ್ರಿಯಾರೂಪವನ್ನು ಬೇಡುತ್ತಿದೆ? ಈ ಮೂರಕ್ಕೂ ಉತ್ತರ ಸಿಕ್ಕ ಮೇಲೆ ಕ್ರಿಯಾಪದವನ್ನು ಆಯ್ದರೆ ಹೆಚ್ಚಿನ ವಾಕ್ಯಗಳು ಸರಿಯಾಗಿ ಬರುತ್ತವೆ.